ಕ್ಲೀನರ್ ಇಳಿದುಹೋದ ಮೇಲೆ

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಬೆಳಗಿನ ಹೊತ್ತು ಸಾಲಾಗಿ ನಿಂತ ಕಾರುಗಳ ಮೈ ಫಳಫಳ ಹೊಳೆಯುತ್ತಿರುತ್ತದೆ. ಅದೇ ಕಾರುಗಳ ಗಾಜಿನೊಳಗೆ ಇಣುಕಿದರೆ ಕಾಣುವುದೇ ಬೇರೆ. ಕಾಲ ಬಳಿ ಖಾಲಿ ನೀರಿನ ಬಾಟಲಿ, ಸೀಟಿನ ಸಂದಿಯಲ್ಲಿ ಬಿಸ್ಕತ್ತಿನ ಪುಡಿ, ಬಾಗಿಲ ಬದಿಯಲ್ಲಿ ಪೆಟ್ರೋಲ್ ಬಂಕಿನ ಬಿಲ್ಲುಗಳು, ಹಿಂದಿನ ಸೀಟಿನಲ್ಲಿ ಮಕ್ಕಳ ಸ್ವೆಟರು, ಡಿಕ್ಕಿಯಲ್ಲಿ ಇಸ್ತ್ರಿಗೆ ಕೊಡಬೇಕಾಗಿದ್ದ ಬಟ್ಟೆಯ ಗಂಟು. ಮನೆಯನ್ನು ಒಪ್ಪವಾಗಿ ಇಟ್ಟುಕೊಂಡವರ ಕಾರೂ ಹೀಗೇ ಇರುವುದುಂಟು. ಸೋಮಾರಿತನವೇ ಇದಕ್ಕೆಲ್ಲ ಕಾರಣ, ಸ್ವಲ್ಪ ಶಿಸ್ತಿದ್ದರೆ ಸರಿಹೋಗುತ್ತದೆ ಎಂಬುದು ಸಾಮಾನ್ಯವಾಗಿ ಕೇಳಿಬರುವ ತೀರ್ಪು. ಈ ತೀರ್ಪನ್ನು ನಾನು ಒಪ್ಪುವುದಿಲ್ಲ, ಒಪ್ಪದಿರಲು ಆಧಾರ ವಾಹನಗಳ ಇತಿಹಾಸದಲ್ಲೇ ಸಿಗುತ್ತದೆ. ವಾಹನವನ್ನು ಶುಚಿಯಾಗಿಡುವುದು ಮೊದಲಿನಿಂದಲೂ ಲೆಕ್ಕಕ್ಕೆ ಹಿಡಿದ ಕೆಲಸವಾಗಿತ್ತು. ಅದಕ್ಕೆಂದೇ ಒಬ್ಬ ಆಳಿರುತ್ತಿದ್ದ, ಆ ಆಳಿಗೆ ಸಂಬಳವಿರುತ್ತಿತ್ತು. ಕಾರು ಮಧ್ಯಮ ವರ್ಗದ ಮನೆಗೆ ಬಂದಾಗ ವಾಹನ ಬಂತು, ಆಳು ಬರಲಿಲ್ಲ. ಅವನು ಮಾಡುತ್ತಿದ್ದ ಕೆಲಸ ಯಾರ ಪಾಲಿಗೂ ಸೇರದೆ ಹಾಗೇ ಉಳಿಯಿತು.

ಕಾರಿಗಿಂತ ಮೊದಲು ಸಾರೋಟು ಇತ್ತು. ಸಾರೋಟು ಇಟ್ಟುಕೊಂಡವರ ಮನೆಯಲ್ಲಿ ಕುದುರೆಯ ಮೈ ಉಜ್ಜಿ, ಲಾಯ ಗುಡಿಸಿ, ಗಾಡಿಯ ಚಕ್ರದ ಕೆಸರು ತೊಳೆದು, ಹಿತ್ತಾಳೆಯ ದೀಪಗಳಿಗೆ ಹೊಳಪು ಕೊಡುವವರು ಬೇರೆಯೇ ಇರುತ್ತಿದ್ದರು. ಯಜಮಾನ ಹತ್ತುವ ಹೊತ್ತಿಗೆ ಗಾಡಿ ಸಿದ್ಧವಾಗಿ ಬಾಗಿಲಿಗೆ ಬರುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕಾರು ಕಾಣಿಸಿಕೊಂಡಾಗ ಅದನ್ನು ಕೊಂಡವರು ಇದೇ ಸಾರೋಟಿನ ಜನ. 1898ರಲ್ಲಿ ಮುಂಬೈಗೆ ಕಾರುಗಳು ಬಂದಾಗ ಮೊದಲು ಕೊಂಡವರಲ್ಲಿ ಜಮ್‌ಸೆಟ್‌ಜಿ ಟಾಟಾ ಒಬ್ಬರು. ಆಗಿನ ಕಾರಿನ ಮೈಗೆ ಹಚ್ಚುತ್ತಿದ್ದದ್ದೂ ಸಾರೋಟಿಗೆ ಹಚ್ಚುತ್ತಿದ್ದ ಎಣ್ಣೆ ವಾರ್ನಿಷೇ. ಪದರದ ಮೇಲೆ ಪದರ ಬಳಿದು ಒಣಗಿಸಲು ವಾರಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ಮಾಡಿದರೂ ಕೆಸರು ಅದರ ಮೇಲೆ ಒಣಗಿದರೆ ಕಲೆ ಬೀಳುತ್ತಿತ್ತು, ಬಿಸಿಲಿಗೆ ಬಿರುಕು ಬಿಡುತ್ತಿತ್ತು. ಹಾಗಾಗಿ ಕಾರು ಹೊರಗೆ ಹೋಗಿ ಬಂದ ಕೂಡಲೇ ತಣ್ಣೀರು ಹಾಯಿಸಿ, ಮೆತ್ತನೆಯ ಚರ್ಮದಿಂದ ಒರೆಸುವುದು ಡ್ರೈವರನ ನಿತ್ಯದ ಕೆಲಸಗಳಲ್ಲಿ ಸೇರಿತ್ತು. 1920ರ ದಶಕದ ಮಧ್ಯದಲ್ಲಿ ಅಮೆರಿಕದಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೊ ಲ್ಯಾಕರ್ ಬಳಕೆಗೆ ಬಂದು ಈ ಕಾಟ ಬಹಳ ಮಟ್ಟಿಗೆ ತಪ್ಪಿತು. ಆದರೆ ಕಾರೆಂದರೆ ಮತ್ತೊಬ್ಬರ ಕೈ ನಂಬಿದ ವಸ್ತು ಎಂಬ ಏರ್ಪಾಡು ನಮ್ಮಲ್ಲಿ ಮುಂದೆಯೂ ಬಹುಕಾಲ ನಡೆಯಿತು. ಹಳೆಯ ಬಂಗಲೆಗಳ ಹಿಂದೆ ಕಾರ್ ಶೆಡ್ಡು, ಅದರ ಪಕ್ಕದಲ್ಲೇ ಡ್ರೈವರನ ಕೋಣೆ ಇರುತ್ತಿದ್ದದ್ದು ಸುಮ್ಮನೆ ಅಲ್ಲ.

ಬಾಡಿಗೆ ವಾಹನಗಳಲ್ಲಿ ಈ ಕೈಗೆ ಹೆಸರೇ ಇತ್ತು, ಕ್ಲೀನರ್ ಎಂದು. ಕರ್ನಾಟಕದ ರಸ್ತೆಗಳಲ್ಲಿ ಓಡಾಡಿದ ಲಾರಿ, ಖಾಸಗಿ ಬಸ್ಸು, ಪ್ರವಾಸಿ ವ್ಯಾನುಗಳ ಚರಿತ್ರೆ ಬರೆಯುವವರು ಅವನನ್ನು ಬಿಟ್ಟು ಬರೆಯಲಾರರು. ನಸುಕಿನಲ್ಲಿ ಎದ್ದು ಗಾಜು ತೊಳೆಯುವುದು, ರೇಡಿಯೇಟರಿಗೆ ನೀರು ತುಂಬುವುದು, ಕಬ್ಬಿಣದ ಸರಳಿನಿಂದ ಟೈರು ಬಡಿದು ಗಾಳಿ ನೋಡುವುದು, ಏರಿನಲ್ಲಿ ನಿಂತಾಗ ಚಕ್ರಕ್ಕೆ ಕಲ್ಲು ಕೊಡುವುದು, ಹಿಂದೆ ತೆಗೆಯುವಾಗ ಮೈಗೆ ಬಡಿದು ‘ರೈಟ್ ರೈಟ್’ ಎಂದು ಕೂಗುವುದು, ಊಟಕ್ಕೆ ನಿಲ್ಲಿಸಿದಲ್ಲಿ ಕ್ಯಾಬಿನ್ ಗುಡಿಸುವುದು, ಎಲ್ಲವೂ ಅವನ ಪಾಲು. ಕ್ಲೀನರನಾಗಿ ಸೇರಿದವನೇ ಸ್ಟಿಯರಿಂಗ್ ಹಿಡಿಯಲು ಕಲಿತು ಮುಂದೆ ಡ್ರೈವರನಾಗುತ್ತಿದ್ದ. ಅಂದರೆ ವಾಹನ ತೊಳೆಯುವುದು ವಾಹನ ವಿದ್ಯೆಯ ಮೊದಲ ಪಾಠವೂ ಆಗಿತ್ತು. ದಿನವೂ ಕೈಯಾಡಿಸಿ ಒರೆಸುವವನಿಗೆ ಎಲ್ಲಿ ಎಣ್ಣೆ ಜಿನುಗುತ್ತಿದೆ, ಯಾವ ನಟ್ಟು ಸಡಿಲವಾಗಿದೆ ಎಂಬುದು ಮೊದಲು ತಿಳಿಯುತ್ತದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ, ಕಾರ್ಮಿಕ ಎಂದರೆ ಯಾರು ಎಂದು ವಿವರಿಸುವಾಗ, ಡ್ರೈವರ್ ಮತ್ತು ಕಂಡಕ್ಟರರ ಜೊತೆಯಲ್ಲೇ ಕ್ಲೀನರನನ್ನೂ ಹೆಸರಿಸಿತ್ತು. ಶುಚಿ ಮಾಡುವುದನ್ನು ದುಡಿಮೆ ಎಂದೂ, ಮಾಡುವವನಿಗೆ ಕೆಲಸದ ಗಂಟೆ, ವಿಶ್ರಾಂತಿ, ರಜೆಯ ಹಕ್ಕಿದೆ ಎಂದೂ ದೇಶದ ಕಾನೂನು ಒಪ್ಪಿಕೊಂಡ ದಾಖಲೆ ಅದು. ನನ್ನ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಬೇಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅಮೆರಿಕದಲ್ಲಿ 1908ರಲ್ಲೇ ಫೋರ್ಡ್ ಕಂಪನಿಯ ಮಾಡೆಲ್ ಟಿ ಬಂತು, ರೈತರೂ ಗುಮಾಸ್ತರೂ ಅದನ್ನು ತಾವೇ ಓಡಿಸಿದರು, ತಾವೇ ತೊಳೆದರು. ಆಳಿಲ್ಲದೆ ಕಾರು ಶುಚಿಯಾಗಿರದು ಎನ್ನುವುದು ಹೇಗೆ? ಉತ್ತರ ಆ ಕಾರಿನ ರಚನೆಯಲ್ಲೇ ಇದೆ. ಮಾಡೆಲ್ ಟಿ ಬಹುಮಟ್ಟಿಗೆ ತೆರೆದ ಗಾಡಿ. ಅದರ ಹೆಚ್ಚಿನ ನಮೂನೆಗಳಲ್ಲಿ ಪೆಟ್ರೋಲ್ ಟ್ಯಾಂಕು ಇದ್ದದ್ದು ಮುಂದಿನ ಸೀಟಿನ ಕೆಳಗೆ, ಪೆಟ್ರೋಲ್ ಹಾಕಬೇಕಾದರೆ ಕೂತವರು ಎದ್ದು ಮೆತ್ತೆಯನ್ನೇ ಎತ್ತಬೇಕಾಗಿತ್ತು. ಅಂಥ ಸೀಟಿನ ಮೇಲೆ ಸಾಮಾನು ಬಿಟ್ಟುಹೋಗುವ ಮಾತೇ ಇರಲಿಲ್ಲ. ಒಳಗು ಎಂಬುದೇ ಇಲ್ಲದ ಕಾರಿನಲ್ಲಿ ಒಳಗಿನ ಕಸವೂ ಇರಲಿಲ್ಲ. ಮುಚ್ಚಿದ ಕಾರುಗಳು ಅಲ್ಲಿ ಜನಸಾಮಾನ್ಯರಿಗೆ ಎಟುಕಿದ್ದು ಇಪ್ಪತ್ತರ ದಶಕದಲ್ಲಿ. ಒಟ್ಟು ಮಾರಾಟದಲ್ಲಿ ಅವುಗಳ ಪಾಲು 1924ರಲ್ಲಿ ಶೇ. 43 ಇದ್ದದ್ದು 1927ಕ್ಕೆ ಶೇ. 85ಕ್ಕೆ ಏರಿತೆಂದು ಜನರಲ್ ಮೋಟಾರ್ಸ್‌ನ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಸ್ಲೋನ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಮಳೆ ಗಾಳಿ ಒಳಗೆ ಬಾರದ, ಬೀಗ ಹಾಕಬಹುದಾದ ಕೋಣೆಯೊಂದು ಚಕ್ರದ ಮೇಲೆ ದೊರೆತದ್ದು ಆಗ. ಕೋಣೆ ಸಿಕ್ಕ ಮೇಲೆ ಸಾಮಾನು ತಾನಾಗಿ ಬಂತು. ಊಟವೂ ಹಿಂಬಾಲಿಸಿತು. ಟೆಕ್ಸಾಸಿನ ಡಲಾಸ್‌ನಲ್ಲಿ ಕಾರಿನಲ್ಲೇ ಕೂತು ತಿನ್ನುವ ಹೋಟೆಲು ತೆರೆದದ್ದು 1921ರಲ್ಲಿ. ಎಂಬತ್ತರ ದಶಕದಲ್ಲಿ ಕ್ರೈಸ್ಲರ್ ಕಂಪನಿಯ ಮಿನಿವ್ಯಾನು ಲೋಟ ಇಡುವ ಕುಳಿಗಳನ್ನೇ ಕೂರಿಸಿಕೊಂಡು ಬಂದಿತು. ಡೆಟ್ರಾಯಿಟ್‌ನಲ್ಲಿ ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲೇ ಕಾರು ತೊಳೆಯುವ ಅಂಗಡಿಗಳು ಶುರುವಾಗಿದ್ದವು, ಅಲ್ಲಿಯೂ ಕಾರನ್ನು ಸಾಲಿನಲ್ಲಿ ಕೈಯಿಂದ ತಳ್ಳಿ ತೊಳೆಯುತ್ತಿದ್ದವರು ಕೂಲಿಯಾಳುಗಳು. ಸ್ವಾವಲಂಬಿ ಮಾಲೀಕನ ದೇಶವೂ ತೊಳೆಯುವ ಕೆಲಸವನ್ನು ಬಲುಬೇಗ ಕೂಲಿಗೆ ಒಪ್ಪಿಸಿತು.

ಒಳಗಿನ ಗಲೀಜಿಗೆ ಇನ್ನೂ ಆಳವಾದ ಕಾರಣವನ್ನು ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಗುರುತಿಸಿದ್ದಾರೆ. ಮನೆಗೆಲಸದ ಯಂತ್ರಗಳ ಬಗ್ಗೆ 1983ರಲ್ಲಿ ಪ್ರಕಟವಾದ ಅವರ ಪುಸ್ತಕದ ವಾದದಲ್ಲಿ ಕಾರಿಗೆ ದೊಡ್ಡ ಪಾತ್ರವಿದೆ. ಕಾರು ಬರುವ ಮೊದಲು ಹಾಲು, ಮಂಜುಗಡ್ಡೆ, ದಿನಸಿ, ಬಟ್ಟೆ ಮನೆ ಬಾಗಿಲಿಗೆ ಬರುತ್ತಿದ್ದವು, ಡಾಕ್ಟರೂ ಬರುತ್ತಿದ್ದರು. ಕಾರು ಬಂದ ಮೇಲೆ ಇವೆಲ್ಲವನ್ನೂ ಹೋಗಿ ತರುವ, ಮಕ್ಕಳನ್ನು ಬಿಟ್ಟು ಕರೆತರುವ ಹೊಣೆ ಗೃಹಿಣಿಯ ಹೆಗಲಿಗೆ ಬಿತ್ತು. ಕಾರು ಬಿಡುವಿನ ಸವಾರಿಯ ಸಾಧನವಾಗಿ ಉಳಿಯದೆ ಮನೆಗೆಲಸದ ಸಲಕರಣೆಯಾಯಿತು ಎಂಬ ಈ ಮಾತು ನಮ್ಮ ಇಂದಿನ ಕಾರುಗಳನ್ನು ಅರ್ಥಮಾಡಿಕೊಳ್ಳಲು ತುಂಬ ನೆರವಾಗುತ್ತದೆ. ಕೆಲಸ ನಡೆಯುತ್ತಿರುವ ಅಡುಗೆಮನೆಯ ಕಟ್ಟೆಯ ಮೇಲೆ ಸಿಪ್ಪೆ ಬಿದ್ದಿರುವುದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ಕಾರಿನ ಹಿಂದಿನ ಸೀಟಿಗೆ ಮಾತ್ರ ಆ ರಿಯಾಯಿತಿ ಸಿಕ್ಕಿಲ್ಲ.

ನಮ್ಮಲ್ಲಿ ಈ ಬದಲಾವಣೆಗೆ ಖಚಿತವಾದ ದಿನಾಂಕವೇ ಇದೆ. 1983ರ ಡಿಸೆಂಬರ್ 14ರಂದು ಮಾರುತಿ 800 ಕಾರಿನ ಮೊದಲ ಕೀಲಿಕೈಯನ್ನು ಇಂದಿರಾ ಗಾಂಧಿ ಅವರು ಗ್ರಾಹಕರಿಗೆ ಹಸ್ತಾಂತರಿಸಿದರು. ಅದಕ್ಕೆ ಮೊದಲು ಕಾರೆಂದರೆ ಅಂಬಾಸಿಡರ್, ಇಲ್ಲವೇ ಮುಂದೆ ಪ್ರೀಮಿಯರ್ ಪದ್ಮಿನಿಯಾದ ಫಿಯೆಟ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು, ಕೊಂಡವರಲ್ಲಿ ಬಹಳ ಮಂದಿಗೆ ಡ್ರೈವರಿದ್ದ. ಅಂಬಾಸಿಡರಿನ ಹಿಂದಿನ ಸೀಟಿಗೆ ಬಿಳಿ ಟವೆಲು ಹೊದಿಸಿ, ಕಿಟಕಿಗೆ ಪರದೆ ಕಟ್ಟಿ ಓಡುತ್ತಿದ್ದ ಸರ್ಕಾರಿ ಕಾರುಗಳನ್ನು ಕಂಡವರಿಗೆ ಗೊತ್ತು, ಆ ಟವೆಲನ್ನು ಒಗೆಯುತ್ತಿದ್ದವರು ಅದರ ಮೇಲೆ ಕೂರುತ್ತಿದ್ದವರಲ್ಲ. ಮಾರುತಿ ಮಾಲೀಕ ತಾನೇ ಓಡಿಸಲೆಂದು ಬಂದ ಕಾರು, ಪುಟ್ಟದು, ಹಗುರ. ಅದರೊಂದಿಗೆ ಡ್ರೈವರ್ ಮನೆಯ ಲೆಕ್ಕದಿಂದ ಹೊರಗೆ ಹೋದ, ಅವನ ಕೈಯಲ್ಲಿದ್ದ ಒರೆಸುವ ಬಟ್ಟೆಯೂ ಹೋಯಿತು. ನಂತರದ ದಶಕಗಳಲ್ಲಿ ಕೊಳೆಯ ಜಾತಿಯೇ ಬದಲಾದದ್ದು ಇದರಷ್ಟೇ ಮುಖ್ಯವಾದ ಸಂಗತಿ. ಏಸಿ ಇಲ್ಲದ ಕಾಲದಲ್ಲಿ ಕಿಟಕಿ ಇಳಿಸಿಯೇ ಓಡಬೇಕಿತ್ತು. ಒಳಗೆ ಬೀಳುತ್ತಿದ್ದದ್ದು ರಸ್ತೆಯ ಧೂಳು, ಕೊಡವಿದರೆ ಹೋಗುವಂಥದ್ದು. ಕಿಟಕಿ ಮುಚ್ಚಿದ ಮೇಲೆ ಧೂಳು ಕಡಿಮೆಯಾಗಿ ಮನೆಯ ಸಾಮಾನು ಹೆಚ್ಚಿತು, ವಾಸನೆ ಒಳಗೇ ಕೂತಿತು. ಅದರ ಮೇಲೆ ಕಾರಿನಲ್ಲಿ ಕಳೆಯುವ ಹೊತ್ತೂ ಬೆಳೆಯಿತು. ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಹಿಡಿಯುತ್ತದೆಂದು 2022ರ ಟಾಮ್‌ಟಾಮ್ ಸೂಚ್ಯಂಕ ಲೆಕ್ಕ ಹಾಕಿತ್ತು. ಅಷ್ಟು ಹೊತ್ತು ಕೂರುವ ಜಾಗದಲ್ಲಿ ತಿಂಡಿ ತಿನ್ನುತ್ತಾರೆ, ಮಕ್ಕಳು ಶಾಲೆಯ ಬಟ್ಟೆ ಬಿಚ್ಚಿ ಈಜಿನ ತರಗತಿಗೆ ಸಿದ್ಧವಾಗುತ್ತಾರೆ.

ಆದರೆ ನಮ್ಮ ಆಟೋ ಚಾಲಕರನ್ನು ನೋಡಿ, ಅವರಿಗೆ ಯಾವ ಕ್ಲೀನರ್ ಇದ್ದಾನೆ, ಎಂದು ಕೇಳಬಹುದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಸ್ವಂತ ಆಟೋವನ್ನು ಬೆಳಗ್ಗೆ ಒರೆಸಿ, ಕನ್ನಡಿಗೆ ಹೂ ಮುಡಿಸಿ, ಊದುಬತ್ತಿ ಹಚ್ಚಿಯೇ ಸ್ಟ್ಯಾಂಡಿಗೆ ಬರುವವರು ಕರ್ನಾಟಕದ ಪ್ರತಿ ಊರಿನಲ್ಲೂ ಇದ್ದಾರೆ. ಅವರ ಉದಾಹರಣೆ ನನ್ನ ವಾದವನ್ನು ಕೆಡಿಸುವುದಿಲ್ಲ, ತಿದ್ದುತ್ತದೆ. ಬೇಕಾದದ್ದು ಇನ್ನೊಬ್ಬ ಮನುಷ್ಯನೇ ಎಂದಿಲ್ಲ, ಆ ಕೆಲಸಕ್ಕೆ ದಿನದಲ್ಲಿ ಒಂದು ಜಾಗ ಇರಬೇಕು. ಆಟೋ ಒರೆಸುವ ಹೊತ್ತು ಚಾಲಕನ ದುಡಿಮೆಯ ದಿನದ ಭಾಗ, ಅವನ ಅನ್ನದ ಭಾಗ. ಬಸ್ಸಿಗೆ ಡಿಪೋ ಇದೆ, ರೈಲಿಗೆ ಪಿಟ್ ಲೈನ್ ಇದೆ, ಅಲ್ಲಿ ತೊಳೆಯುವ ಸಮಯ ವೇಳಾಪಟ್ಟಿಯಲ್ಲೇ ಸೇರಿದೆ. ಪ್ರಯಾಣ ಮುಗಿದೊಡನೆ ಇಳಿದುಹೋಗುವ ಪ್ರಯಾಣಿಕ ತನ್ನ ಗಂಟುಮೂಟೆಯನ್ನು ತಾನೇ ಒಯ್ಯುತ್ತಾನೆ. ನಮ್ಮ ರಸ್ತೆಯ ವಾಹನಗಳಲ್ಲಿ ಶುಚಿಯ ಕೆಲಸಕ್ಕೆ ಹೊತ್ತನ್ನೇ ಗೊತ್ತುಮಾಡದೆ ಬಿಟ್ಟಿರುವುದು ಸ್ವಂತ ಕಾರೊಂದಕ್ಕೇ. ಅದಕ್ಕಿರುವ ಒಂದೇ ವಿನಾಯಿತಿ ಆಯುಧ ಪೂಜೆ. ಮೈಸೂರು ಅರಮನೆಯಲ್ಲಿ ಮಹಾನವಮಿಯಂದು ಪಟ್ಟದ ಕತ್ತಿ, ಪಟ್ಟದ ಆನೆ, ಕುದುರೆಗಳ ಜೊತೆಗೆ ಕಾರುಗಳಿಗೂ ಪೂಜೆ ಸಲ್ಲುತ್ತದೆ. ಅದೇ ದಿನ ಊರಿಡೀ ಕಾರುಗಳ ಒಳಗಿನ ಮ್ಯಾಟು ಹೊರಗೆ ಬರುತ್ತದೆ, ಡಿಕ್ಕಿ ಖಾಲಿಯಾಗುತ್ತದೆ, ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಚಕ್ರದಡಿಗೆ ನಿಂಬೆಹಣ್ಣು ಇಡುತ್ತಾರೆ. ವರ್ಷವೆಲ್ಲ ಆಗದ ಕೆಲಸ ಆ ದಿನ ಆಗುವುದು ಭಕ್ತಿಯೊಂದರಿಂದಲೇ ಅಲ್ಲ. ಕಾರು ತೊಳೆಯಲು ಸಂಪ್ರದಾಯ ಒಂದು ದಿನವನ್ನೇ ಕೊಟ್ಟಿದೆ, ಮನೆಯವರೆಲ್ಲರೂ ಕೈಹಾಕುವಂತೆ ಕೊಟ್ಟಿದೆ.

ಹಳೆಯ ಏರ್ಪಾಡು ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಕ್ಲೀನರುಗಳಲ್ಲಿ ಬಹಳ ಮಂದಿ ಶಾಲೆ ಬಿಟ್ಟ ಹುಡುಗರು, ಲಾರಿಯಡಿಯಲ್ಲಿ ಮಲಗಿ, ಡ್ರೈವರನ ಬೈಗುಳ ತಿಂದು ಬೆಳೆದವರು. ಕ್ಲೀನರನನ್ನು ಕಾರ್ಮಿಕನೆಂದು ಕರೆದ ಅದೇ 1961ರ ಕಾಯಿದೆ ಮಕ್ಕಳನ್ನು ಈ ಉದ್ಯಮದಲ್ಲಿ ದುಡಿಸಕೂಡದೆಂದು ಬೇರೆ ಸೆಕ್ಷನ್ನನ್ನೇ ಬರೆಯಬೇಕಾಯಿತು. ಆ ಹುಡುಗರು ಇಳಿದು ಶಾಲೆಗೆ ಹೋಗಿದ್ದರೆ ಅದು ಒಳ್ಳೆಯದೇ. ಹಾಗಾದರೆ ಅವರ ಜಾಗಕ್ಕೆ ಯಂತ್ರ ಬಂದಿದೆಯಲ್ಲ ಎನ್ನುವವರೂ ಇದ್ದಾರೆ. 1901ರಲ್ಲಿ ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ರೂಪಿಸಿದ ವ್ಯಾಕ್ಯೂಮ್ ಯಂತ್ರವನ್ನು ಕುದುರೆಗಾಡಿಯ ಮೇಲೆ ಹೊತ್ತು ತರಬೇಕಾಗಿತ್ತು. 1979ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯ ಡಸ್ಟ್‌ಬಸ್ಟರ್ ಅದನ್ನು ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿತು. ಆದರೂ ಯಂತ್ರ ಪುಡಿಯನ್ನಷ್ಟೇ ಎಳೆದುಕೊಳ್ಳುತ್ತದೆ, ಅದರ ಮೊದಲು ಸೀಟು ಖಾಲಿಯಾಗಿರಬೇಕು.

ಇನ್ನು ಅಪಾರ್ಟ್‌ಮೆಂಟುಗಳಲ್ಲಿ ಮಾಸಿಕ ಲೆಕ್ಕಕ್ಕೆ ಕಾರು ಒರೆಸುವವರು ಇಲ್ಲವೇ? ಇದ್ದಾರೆ, ಮನೆಯವರು ಏಳುವ ಮೊದಲೇ ಬಕೆಟ್ಟು ಬಟ್ಟೆ ಹಿಡಿದು ಬಂದು ಹೋಗುತ್ತಾರೆ. ಅವರ ಕೈಗೆ ಸಿಗುವುದು ಬೀಗ ಹಾಕಿದ ಕಾರಿನ ಹೊರಮೈ. ಹೊರಮೈ ಸಾರ್ವಜನಿಕರ ಕಣ್ಣಿಗೆ ಬೀಳುವುದರಿಂದ ಅದಕ್ಕೆ ಸಂಬಳವೂ ಇದೆ, ಸರ್ಕಾರದ ನಿಯಮವೂ ಇದೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಎಷ್ಟು ನೀರು ಈ ಹೊಳಪಿಗೆ ಹರಿಯುತ್ತಿತ್ತೆಂದು ನಗರ ಯೋಚಿಸುವಂತಾದದ್ದು ಆಗಲೇ, ಆ ನಿಷೇಧ ನ್ಯಾಯವಾದದ್ದೇ. ಬೀಗ ತೆಗೆದುಕೊಟ್ಟು ವಾರಕ್ಕೊಮ್ಮೆ ಒಳಗನ್ನೂ ಒರೆಸಿರೆಂದು ಹೇಳುವ ಮನೆಗಳಲ್ಲಿ ಕೂಡ ಆ ಕೆಲಸಗಾರ ಮ್ಯಾಟು ಕೊಡವಿ, ಡ್ಯಾಶ್‌ಬೋರ್ಡ್ ಒರೆಸಿ, ಸೀಟಿನ ಮೇಲಿದ್ದ ಕಾಗದಗಳನ್ನು ಎತ್ತಿ, ಒರೆಸಿದ ಮೇಲೆ ಮತ್ತೆ ಅಲ್ಲೇ ಇಡುತ್ತಾನೆ. ಔಷಧಿ ಅಂಗಡಿಯ ಆ ಬಿಲ್ಲು ವಿಮೆಗೆ ಬೇಕೋ ಬೇಡವೋ, ಆ ಸ್ವೆಟರು ಮಗುವಿಗೆ ಇನ್ನೂ ಹಿಡಿಸುತ್ತದೋ ಇಲ್ಲವೋ ಎಂದು ತೀರ್ಮಾನಿಸುವ ಅಧಿಕಾರವನ್ನು ಅವನಿಗೆ ಯಾರೂ ಕೊಟ್ಟಿಲ್ಲ.