‘ನೋ ಹಿಸ್ಟರಿ’ ಅಂದವರಿಗೆ ನಮ್ಮೂರ ಹಿಸ್ಟರಿ

ಭಾಗ 1: ರಿಜೆಕ್ಟ್

ಮೂಡುಬಿದಿರೆಯಲ್ಲಿ ಕಾಲೇಜು ಮುಗಿಸಿ ವೇಣೂರಿನ ಬಸ್ಸಲ್ಲಿ ನೇತಾಡ್ತಾ ಬರುವಾಗ ಮೆಸೇಜ್ ಬಂತು. ನಾನು ಹಾಕಿದ್ದ ಕ್ರೆಡಿಟ್ ಕಾರ್ಡ್ ಅರ್ಜಿ ರಿಜೆಕ್ಟ್. ರಿಪೋರ್ಟ್ ತೆಗೆದು ನೋಡಿದ್ರೆ ಸ್ಕೋರ್ ಜಾಗದಲ್ಲಿ ನಂಬರೇ ಇಲ್ಲ, ‘ಎನ್‌ಎಚ್’. ಅಂದ್ರೆ ನೋ ಹಿಸ್ಟರಿ. ಸಾಲ ತೆಗೊಂಡು ಕಟ್ಟಿದ ದಾಖಲೆ ಇಲ್ಲದವರಿಗೆ ಸಾಲ ಕೊಡೂದಿಲ್ಲ. ಸಾಲ ಕೊಡದಿದ್ರೆ ದಾಖಲೆ ಆಗುದು ಹೇಗೆ ಮಾರ್ರೆ?

ಮನೆಯಲ್ಲಿ ಹೇಳಿದೆ. ಅಜ್ಜಿ ಏನೂ ಮಾತಾಡದೆ ಪೆಟ್ಟಿಗೆಯಿಂದ ಒಂದು ಹಳೇ ಪಿಗ್ಮಿ ಕಾರ್ಡ್ ತೆಗೆದು ಕೊಟ್ರು. ಬೀಡಿ ಕಟ್ಟಿದ ದುಡ್ಡಲ್ಲಿ ದಿನಾ ಕಟ್ಟಿದ್ದು. ಸಾಲು ಸಾಲು ತಾರೀಕು, ಸಹಿ. “ಇದು ಹಿಸ್ಟರಿ ಅಲ್ವಾ?” ಅಂತ ಕೇಳಿದ್ರು.

ಆ ಪ್ರಶ್ನೆಗೆ ಉತ್ತರ ಹುಡುಕ್ಲಿಕ್ಕೆ ಹೋಗಿ ಈ ಸೀರೀಸ್ ಆಯ್ತು.

ಭಾಗ 2: ನೆರೆಮನೆಯವನೇ ಸ್ಕೋರ್

ಗುರುತಿಲ್ಲದವನಿಗೆ ಸಾಲ ಕೊಡುದು ಹೇಗೆ? ಇದು ಆ್ಯಪ್ ಕಾಲದ ಪ್ರಶ್ನೆ ಅಲ್ಲ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. 1905ರಲ್ಲಿ ಗದಗದ ಕಣಗಿನಹಾಳದಲ್ಲಿ ಸಂಘ ಶುರುವಾಯ್ತು. ನಮ್ಮ ಪಕ್ಕದ ಪುತ್ತೂರಲ್ಲಿ ಮೊಳಹಳ್ಳಿ ಶಿವರಾಯರು 1909ರಲ್ಲಿ ಸಹಕಾರಿ ಸಂಘ ಕಟ್ಟಿದ್ರು. 1914ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿದ್ದೂ ಅಲ್ಲೇ.

ಆ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಸಾಮಾನ್ಯವಾಗಿ ಒಂದು ಗಟ್ಟಿ ಷರತ್ತು ಇತ್ತು: ಸಂಘದ ಸಾಲಕ್ಕೆ ಸದಸ್ಯರೆಲ್ಲ ಹೊಣೆ. ಒಬ್ಬ ಮುಳುಗಿಸಿದ್ರೆ ಉಳಿದವರ ತಲೆಗೆ. ಹಾಗಾಗಿ ಯಾರು ಹೇಗೆ ಅಂತ ಊರವರೇ ಲೆಕ್ಕ ಇಡ್ತಿದ್ರು. ನಿಮ್ಮ ಹಿಸ್ಟರಿ ಇದ್ದದ್ದು ನೆರೆಮನೆಯವನ ತಲೆಯಲ್ಲಿ.

ಭಾಗ 3: ದಿನಕ್ಕೆ 2 ಆಣೆ

ಆಗ ಉಡುಪಿ, ಬಂಟ್ವಾಳ ಎಲ್ಲ ಒಂದೇ ಜಿಲ್ಲೆ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ. 1925ರಲ್ಲಿ ಉಡುಪಿಯಲ್ಲಿ ಮೂರು ಜನ ಸೇರಿದ್ರು: ವ್ಯಾಪಾರಿ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ, ಡಾಕ್ಟರ್ ಟಿ.ಎಂ.ಎ. ಪೈ. 8,000 ರೂಪಾಯಿ ಬಂಡವಾಳ. ಕಷ್ಟದಲ್ಲಿದ್ದ ನೇಕಾರರಿಗೆ ಸಹಾಯ ಆಗ್ಲಿ ಅಂತ ಶುರು ಮಾಡಿದ ಸಂಸ್ಥೆ ಅದು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯ್ತು, 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕ್ ಜೊತೆ ಸೇರಿತು.

1928ರಲ್ಲಿ ಅವರು ಪಿಗ್ಮಿ ತಂದ್ರು. ಏಜೆಂಟ್ ಮನೆ ಬಾಗಿಲಿಗೇ ಬಂದು ದಿನಕ್ಕೆ 2 ಆಣೆಯಷ್ಟು ಚಿಲ್ಲರೆಯನ್ನೂ ತೆಗೊಂಡು ಹೋಗ್ತಿದ್ದ. ರೂಪಾಯಿಗೆ 16 ಆಣೆ, ಅಂದ್ರೆ ಒಂದು ರೂಪಾಯಿ ಆಗ್ಲಿಕ್ಕೆ 8 ದಿನ! ಆದ್ರೆ ಕಾರ್ಡ್ ತುಂಬುತ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಗ್ತಿತ್ತು: ಈ ಮನುಷ್ಯ ಮಾತು ತಪ್ಪುದಿಲ್ಲ. ಬ್ಯಾಂಕ್ ಮೆಟ್ಟಿಲು ಹತ್ತದವರಿಗೂ ಬ್ಯಾಂಕಲ್ಲಿ ಒಂದು ಗುರುತು ಆಯ್ತು.

ಭಾಗ 4: ಬೆಳ್ತಂಗಡಿಯ ಗುಂಪು

1982ರಲ್ಲಿ ಬೆಳ್ತಂಗಡಿ ತಾಲೂಕಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಶುರುವಾಯ್ತು. ಅದರ ಪ್ರಗತಿಬಂಧು ಗುಂಪುಗಳ ಕ್ರಮ ಹೀಗೆ: ಐದಾರು ಸಣ್ಣ ರೈತರು ಸೇರುದು, ವಾರಕ್ಕೊಂದು ದಿನ ಸರದಿಯಲ್ಲಿ ಒಬ್ಬೊಬ್ಬರ ಜಾಗದಲ್ಲಿ ಸಂಬಳ ಇಲ್ಲದೆ ದುಡಿಯುದು, ಒಟ್ಟಿಗೆ ಉಳಿತಾಯ ಮಾಡುದು. ಸಾಲ ಗುಂಪಿನ ಹೊಣೆಯಲ್ಲಿ. ಅಡವಿಡ್ಲಿಕ್ಕೆ ಏನೂ ಇಲ್ಲದವನಿಗೂ ಜೊತೆಗೆ ಗುದ್ದಲಿ ಹಿಡಿದವರ ನಂಬಿಕೆ ಇತ್ತು.

ಭಾಗ 5: ಮುಖ ನೋಡದ ಲೆಕ್ಕ

ಈಗ ಸ್ವಲ್ಪ ದೂರ ಹೋಗುವ. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕಾ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಲ್ಲಿ ಸುಮಾರು 60,000 ಜನರಿಗೆ, ಅವರು ಕೇಳದೆಯೇ, ಅಂಚೆಯಲ್ಲಿ ಕ್ರೆಡಿಟ್ ಕಾರ್ಡ್ ಕಳಿಸಿತು. ಬೇರೆ ಊರುಗಳಿಗೂ ಹಂಚಿದ ಮೇಲೆ ಬಾಕಿ, ಮೋಸ ಹೆಚ್ಚಾಗಿ ಬ್ಯಾಂಕ್‌ಗೆ ದೊಡ್ಡ ನಷ್ಟ. ಎಲ್ಲರಿಗೂ ಹಂಚಿದ್ರೂ ಕಷ್ಟ, ಯಾರಿಗೂ ಕೊಡದಿದ್ರೂ ಕಷ್ಟ. 1989ರಲ್ಲಿ ಅಲ್ಲಿ ಫೈಕೊ ಸ್ಕೋರ್ ಬಂತು. ನಮ್ಮಲ್ಲಿ 2000ದಲ್ಲಿ ಸಿಬಿಲ್ ಹುಟ್ಟಿತು, 2005ರಲ್ಲಿ ಅದಕ್ಕೊಂದು ಕಾಯ್ದೆ ಬಂತು. ಸ್ಕೋರ್ 300ರಿಂದ 900.

ಒಳ್ಳೇದು ಉಂಟು. ಜಾತಿ, ಮನೆತನ, ಯಾರ ಪರಿಚಯ ಉಂಟು ಅಂತ ಸ್ಕೋರ್ ಕೇಳುದಿಲ್ಲ. ಊರವರ ಲೆಕ್ಕದಲ್ಲಿ ಅದೆಲ್ಲ ಬರ್ತಿತ್ತು, ಸುಳ್ಳು ಯಾಕೆ ಹೇಳ್ಬೇಕು.

ಆದ್ರೆ ಅಜ್ಜಿಯ ಪ್ರಶ್ನೆಗೆ ಉತ್ತರ ಬೇಜಾರಿನದ್ದು. ಸ್ಕೋರ್ ನೋಡುದು ಸಾಲ ಮತ್ತು ಅದನ್ನು ಕಟ್ಟಿದ ರೀತಿ ಮಾತ್ರ. ಉಳಿತಾಯ ಅದರಲ್ಲಿ ಇಲ್ಲ. ವರ್ಷಗಟ್ಟಲೆ ದಿನಾ ಪಿಗ್ಮಿ ಕಟ್ಟಿದ, ಒಂದು ರೂಪಾಯಿ ಸಾಲ ಮಾಡದ ಅಜ್ಜಿಯೂ ಅಲ್ಲಿ ನೋ ಹಿಸ್ಟರಿ. ನಾನೂ ಅಜ್ಜಿಯೂ ಒಂದೇ ಕ್ಲಾಸ್!

ಭಾಗ 6: ಹಳೇ ಬಾಗಿಲು

ಒಂದು ದಾರಿ ಉಂಟು, ಅದು ಹಳೇ ದಾರಿಯೇ. ಎಫ್‌ಡಿ ಇಟ್ಟು ಅದರ ಮೇಲೆ ಕಾರ್ಡ್ ತೆಗೊಳ್ಳುದು. ಸಾಮಾನ್ಯವಾಗಿ ಸಂಬಳದ ಚೀಟಿ ಬೇಡ, ಹಳೇ ಸ್ಕೋರ್ ಬೇಡ. ಲಿಮಿಟ್ ಹೆಚ್ಚಾಗಿ ಎಫ್‌ಡಿಗಿಂತ ಸ್ವಲ್ಪ ಕಡಿಮೆ. ಎಫ್‌ಡಿಗೆ ಬಡ್ಡಿ ಬರ್ತಾ ಇರ್ತದೆ, ಈಚೆ ಬಿಲ್ ಕಟ್ಟಿದ ಹಾಗೆ ದಾಖಲೆ ಆಗ್ತದೆ. ಕೆಲವು ತಿಂಗಳಲ್ಲಿ ಎನ್‌ಎಚ್ ಹೋಗಿ ನಂಬರ್ ಬರ್ತದೆ. ಅಜ್ಜಿಯ ಉಳಿತಾಯಕ್ಕೂ ಸ್ಕೋರಿಗೂ ಸಂಬಂಧ ಆಗುದು ಹೀಗೆ.

ಅಪ್ಪ ತಮ್ಮ ಗೂಡಂಗಡಿಯ ಪಿಗ್ಮಿ ಮುಗಿದಾಗ ಬಂದ 15,000 ರೂಪಾಯಿಯನ್ನು ನನ್ನ ಹೆಸರಲ್ಲಿ ಎಫ್‌ಡಿ ಇಟ್ರು. “ನೀನು ಕಟ್ಟದಿದ್ರೆ ಹೋಗುದು ನನ್ನ ಚಾ ಮಾರಿದ ದುಡ್ಡು” ಅಂತ ಒಂದೇ ಮಾತು. ಇದಕ್ಕಿಂತ ದೊಡ್ಡ ಜಾಮೀನು ಎಂತದು?

ನನ್ನ ಹಾಗೆ ಶುರು ಮಾಡುವವರಿಗೆ ಮೂರೇ ಮಾತು. ಒಂದು, ‘ಮಿನಿಮಮ್ ಡ್ಯೂ’ ಕಟ್ಟಿದ್ರೆ ಸಾಕು ಅಂತ ಬಿಡ್ಬೇಡಿ. ಉಳಿದದ್ದಕ್ಕೆ ಬೀಳುವ ಬಡ್ಡಿ ಎಷ್ಟೋ ಕಾರ್ಡ್‌ಗಳಲ್ಲಿ ವರ್ಷಕ್ಕೆ 40 ಪರ್ಸೆಂಟ್ ಹತ್ತಿರ ಹೋಗ್ತದೆ. ಎರಡು, ಒಂದು ಕಡೆ ರಿಜೆಕ್ಟ್ ಆಯ್ತು ಅಂತ ಹತ್ತು ಕಡೆ ಅರ್ಜಿ ಹಾಕ್ಬೇಡಿ, ಅದೂ ರಿಪೋರ್ಟಲ್ಲಿ ಬೀಳ್ತದೆ. ಮೂರು, ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಫ್ರೀಯಾಗಿ ಸಿಗ್ತದೆ. ತೆಗೆದು ನೋಡಿ.

ನನ್ನ ಮೊದಲ ಬಿಲ್ 412 ರೂಪಾಯಿ. ಡ್ಯೂ ಡೇಟಿಗೆ ಮೊದಲೇ ಪೂರ್ತಿ ಕಟ್ಟಿದೆ. ಅಜ್ಜಿ ಎಲೆ ಕತ್ತರಿಸ್ತಾ ಕೂತಲ್ಲಿಂದಲೇ ಕೇಳಿದ್ರು, “ಕಾರ್ಡಲ್ಲಿ ಬರೆದ್ರಾ?”

“ಹೌದು ಅಜ್ಜಿ. ಈಗ ಮುಂಬೈಯಲ್ಲಿ ಬರೀತಾರೆ.”

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಹಳೇ ಪಿಗ್ಮಿ ಕಾರ್ಡ್, ಸೊಸೈಟಿ ಪುಸ್ತಕ ಇದ್ರೆ ಬಿಸಾಡ್ಬೇಡಿ. ನಂಬರ್ ಮುಚ್ಚಿ ಫೋಟೋ ಕಳಿಸಿ, ಮುಂದಿನ ಸೀರೀಸಲ್ಲಿ ಹಾಕುವ.

#ನಮ್ಮೂರ_ಹಿಸ್ಟರಿ #ಪಿಗ್ಮಿ #ಬಂಟ್ವಾಳ #ಬೆಳ್ತಂಗಡಿ #ಮೂಡುಬಿದಿರೆ #ಬಿಕಾಂ_ಬದುಕು