ಎಂಜಿನ್ನಿನ ತಿದಿ ಒತ್ತುವವರು ಯಾರು?

ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಮಿಜಾರು ಸಿಗುತ್ತದೆ. ಗದ್ದೆ, ತೋಟಗಳ ಈ ಊರಿನಲ್ಲಿ 2007 ಮತ್ತು 2008ರಲ್ಲಿ ಒಂದರ ಹಿಂದೆ ಒಂದರಂತೆ ಎರಡು ಎಂಜಿನಿಯರಿಂಗ್ ಕಾಲೇಜುಗಳು ಆರಂಭವಾದವು. ಊರಿನ ಮೂಲಕ ಹಾದುಹೋಗುವ 169ನೇ ರಾಷ್ಟ್ರೀಯ ಹೆದ್ದಾರಿ ಕಾರ್ಕಳ, ಬಜಗೋಳಿಗಳನ್ನು ದಾಟಿ, ಘಟ್ಟ ಹತ್ತಿ ಶೃಂಗೇರಿಯ ಕಡೆಗೆ ಸಾಗುತ್ತದೆ. ಕಾರಿನ ಎಂಜಿನ್ನಿಗೆ ಟರ್ಬೊಚಾರ್ಜರ್ ಒಳ್ಳೆಯದೋ, ಸೂಪರ್‌ಚಾರ್ಜರ್ ಒಳ್ಳೆಯದೋ ಎಂಬ ಪ್ರಶ್ನೆ ಕಾಲೇಜಿನ ಹುಡುಗರ ವಾದಕ್ಕೆ ಒಳ್ಳೆಯ ವಸ್ತು. ಆದರೆ ಅದಕ್ಕೆ ಉತ್ತರ ಸಿಗುವುದು ಘಟ್ಟದ ದಾರಿಯಲ್ಲಿ. ಈ ಪ್ರಶ್ನೆಗೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಅದರ ಒಂದೆರಡು ಅಧ್ಯಾಯಗಳು ನಮ್ಮ ಕರ್ನಾಟಕದಲ್ಲೇ ನಡೆದಿವೆ.

ಎಂಜಿನ್ ಪೆಟ್ರೋಲಿನಿಂದ ಓಡುತ್ತದೆ ಎನ್ನುತ್ತೇವೆ. ಇದು ಅರ್ಧ ಸತ್ಯ ಮಾತ್ರ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 15 ಕಿಲೋ ಗಾಳಿ ಬೇಕು. ಹೆಚ್ಚು ಇಂಧನ ಸುರಿಯುವುದು ಸುಲಭ, ಅದಕ್ಕೆ ತಕ್ಕಷ್ಟು ಗಾಳಿ ತುಂಬುವುದು ಕಷ್ಟ. ಸಾಧಾರಣ ಎಂಜಿನ್ನು ಪಿಸ್ಟನ್ ಕೆಳಗಿಳಿದಾಗ ತಾನಾಗಿ ಒಳಬಂದಷ್ಟು ಗಾಳಿಯಲ್ಲೇ ಕೆಲಸ ಸಾಗಿಸಬೇಕು. ಎತ್ತರಕ್ಕೆ ಹೋದಂತೆ ಆ ಗಾಳಿಯೂ ತೆಳುವಾಗುತ್ತದೆ. ಸಮುದ್ರದ ಪಕ್ಕದ ಮಂಗಳೂರಿಗೆ ಹೋಲಿಸಿದರೆ, 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಘಟ್ಟದ ಮೇಲೆ ಎಂಜಿನ್ ಸೊರಗಲು ಏರು ಒಂದೇ ಕಾರಣವಲ್ಲ.

ಕಮ್ಮಾರ ಕುಲುಮೆಯಲ್ಲಿ ಕೆಂಡ ಮಂಕಾದಾಗ ತಿದಿ ಒತ್ತುತ್ತಾನೆ. ಟರ್ಬೊ ಮತ್ತು ಸೂಪರ್‌ಚಾರ್ಜರ್ ಎರಡೂ ಎಂಜಿನ್ನಿನ ತಿದಿಗಳೇ. ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವುದು ಎರಡರದೂ ಕೆಲಸ. ವ್ಯತ್ಯಾಸವಿರುವುದು ತಿದಿ ಒತ್ತುವವರು ಯಾರು ಎಂಬುದರಲ್ಲಿ. ಸೂಪರ್‌ಚಾರ್ಜರನ್ನು ಬೆಲ್ಟಿನಿಂದಲೋ ಗೇರಿನಿಂದಲೋ ಎಂಜಿನ್ನೇ ತಿರುಗಿಸುತ್ತದೆ. ಕಾಲು ಒತ್ತಿದ ಕ್ಷಣವೇ ಗಾಳಿ ಬರುತ್ತದೆ, ಆದರೆ ಅದರ ಕೂಲಿಯನ್ನು ಎಂಜಿನ್ ತನ್ನ ದುಡಿಮೆಯಿಂದಲೇ ಕೊಡಬೇಕು. ಟರ್ಬೊದಲ್ಲಿ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒಳಕ್ಕೆ ದೂಡುತ್ತದೆ. ಇಂಧನದ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಹೊಗೆಕೊಳವೆಯಲ್ಲಿ ಹೋಗಿಬಿಡುತ್ತದೆ. ಟರ್ಬೊ ಅದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಪಡೆಯುತ್ತದೆ. ಆದರೆ ಸಾಕಷ್ಟು ಹೊಗೆ ಬರುವ ತನಕ ಅದು ಕಾಯಬೇಕು.

ಹುಟ್ಟಿದ್ದು ಮೊದಲು ಸೂಪರ್‌ಚಾರ್ಜರ್. ಅದರ ಒಂದು ಪ್ರಸಿದ್ಧ ಮಾದರಿಯನ್ನು ಅಮೆರಿಕದ ರೂಟ್ಸ್ ಸಹೋದರರು 1860ರಲ್ಲಿ ರೂಪಿಸಿದಾಗ ಕಾರುಗಳೇ ಇರಲಿಲ್ಲ. ಅದು ಕಬ್ಬಿಣದ ಕುಲುಮೆಗಳಿಗೆ ಗಾಳಿ ಊದಲು ಬಳಕೆಯಾಯಿತು. ಜರ್ಮನಿಯ ಮರ್ಸಿಡಿಸ್ 1921ರಲ್ಲಿ ಸೂಪರ್‌ಚಾರ್ಜರ್ ಇದ್ದ ಕಾರುಗಳನ್ನು ಪ್ರದರ್ಶಿಸಿತು. ಇಂಗ್ಲೆಂಡಿನಲ್ಲಿ ಡಬ್ಲ್ಯು.ಓ. ಬೆಂಟ್ಲಿಗೆ ಈ ಉಪಕರಣ ಇಷ್ಟವಿರದಿದ್ದರೂ, ಅವರ ಕಾರಿಗೇ ಅದನ್ನು ಜೋಡಿಸಿ ಟಿಮ್ ಬರ್ಕಿನ್ 1930ರ ಲೆ ಮಾನ್ ಪಂದ್ಯಕ್ಕಿಳಿದರು. ಸೂಪರ್‌ಚಾರ್ಜರ್ ಇದ್ದ ಬೆಂಟ್ಲಿಗಳೂ ಮರ್ಸಿಡಿಸ್ ಕಾರೂ ಪಂದ್ಯ ಮುಗಿಸಲಿಲ್ಲ. ಗೆದ್ದದ್ದು ಅದಿಲ್ಲದ, ದೊಡ್ಡ ಎಂಜಿನ್ನಿನ ಬೆಂಟ್ಲಿ. ವೇಗ ಬೇಗ ಬಂದಿತ್ತು, ಬಾಳಿಕೆ ಬಂದಿರಲಿಲ್ಲ.

ಟರ್ಬೊದ ಕಥೆ ಹಡಗು ಮತ್ತು ವಿಮಾನಗಳದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಅದರ ಪೇಟೆಂಟ್ ಪಡೆದರು. 1920ರ ದಶಕದಲ್ಲಿ ಎರಡು ಜರ್ಮನ್ ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳ ಬಲ ಅದರಿಂದ 1750ರಿಂದ 2500 ಅಶ್ವಶಕ್ತಿಗೆ ಏರಿತು. ಅದಕ್ಕೂ ಮೊದಲು, 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ವಿಮಾನದ ಎಂಜಿನ್ನೊಂದನ್ನು 4300 ಮೀಟರ್ ಎತ್ತರದ ಪೈಕ್ಸ್ ಶಿಖರಕ್ಕೆ ಸಾಗಿಸಿದರು. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಅದು ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದಾಗ 356ಕ್ಕೆ ಏರಿತು. ಕಳೆದ ಗಾಳಿಯನ್ನು ಹೊಗೆಯೇ ಮರಳಿ ತಂದಿತ್ತು.

ಈ ಎರಡೂ ವಿದ್ಯೆಗಳು ಬೆಂಗಳೂರಿನ ಕಾರ್ಮಿಕರ ಕೈಗೆ ಬಂದದ್ದು ಎಚ್‌ಎಎಲ್‌ನಲ್ಲಿ. 1940ರಲ್ಲಿ ಆರಂಭವಾದ ಈ ಕಾರ್ಖಾನೆ ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳಲ್ಲಿ ಸುಮಾರು ನಲವತ್ತನ್ನು ಹಾರುವಷ್ಟು ಸರಿಪಡಿಸಿ, ಬೆಂಗಳೂರಿಗೆ ತಂದು ಹೊಸದಾಗಿ ಸಜ್ಜುಗೊಳಿಸಲಾಯಿತು. 1948ರಲ್ಲಿ ವಾಯುಪಡೆ ಸೇರತೊಡಗಿದ ಅವು 1968ರವರೆಗೆ ಸೇವೆಯಲ್ಲಿದ್ದವು. ಲಿಬರೇಟರಿನ ಪ್ರತಿ ಎಂಜಿನ್ನಿನ ಒಳಗೆ ಗೇರಿನಿಂದ ತಿರುಗುವ ಸೂಪರ್‌ಚಾರ್ಜರ್ ಇತ್ತು, ಅಡಿಯಲ್ಲಿ ಹೊಗೆಯಿಂದ ತಿರುಗುವ ಟರ್ಬೊ ಇತ್ತು. ಅದೇ ಕಾಲದ ಸ್ಪಿಟ್‌ಫೈರ್ ಯುದ್ಧವಿಮಾನಕ್ಕೆ ಸೂಪರ್‌ಚಾರ್ಜರ್ ಒಂದೇ ಸಾಕಾಗಿತ್ತು. ಎರಡರಲ್ಲಿ ಯಾವುದು ಮೇಲು ಎಂದು ಆ ಕಾರ್ಮಿಕರು ಕೇಳಿರಲಾರರು. ಯಾವ ಕೆಲಸಕ್ಕೆ ಯಾವುದು ಎಂಬುದಷ್ಟೇ ಅಲ್ಲಿನ ಲೆಕ್ಕ.

ವಿಮಾನದಿಂದ ರೈಲಿಗೆ ಬರೋಣ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ ಹಳಿ ಸುಮಾರು 50 ಮೀಟರಿಗೆ ಒಂದು ಮೀಟರಿನಂತೆ ಏರುತ್ತದೆ. ದಾರಿಯಲ್ಲಿ 57 ಸುರಂಗಗಳು. 1979ರಲ್ಲಿ ಮೀಟರ್‌ಗೇಜ್ ಮಾರ್ಗ ತೆರೆದಾಗ ಇಲ್ಲಿ ಗಾಡಿ ಎಳೆದ ಆಲ್ಕೊ ಮಾದರಿಯ ಡೀಸೆಲ್ ಎಂಜಿನ್ನುಗಳಿಗೆ ಟರ್ಬೊ ಇತ್ತು. ಚಾಲಕ ಬಲ ಹೆಚ್ಚಿಸಿದ ಕೂಡಲೇ ಅವು ದಟ್ಟ ಕಪ್ಪು ಹೊಗೆ ಉಗುಳುತ್ತಿದ್ದುದನ್ನು ಹಳಬರು ಮರೆತಿರಲಾರರು. ಡೀಸೆಲ್ ತಕ್ಷಣ ಬರುತ್ತಿತ್ತು, ಟರ್ಬೊ ವೇಗ ಹಿಡಿದು ಗಾಳಿ ತರುವುದು ಸ್ವಲ್ಪ ತಡವಾಗುತ್ತಿತ್ತು. ಆ ನಡುವೆ ಅರೆಬೆಂದ ಇಂಧನವೇ ಆ ಹೊಗೆ.

1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿದ ಮಾರ್ಗದಲ್ಲಿ 2006ರಲ್ಲಿ ಸರಕು ಗಾಡಿಗಳು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕ ಗಾಡಿಗಳು ಮತ್ತೆ ಓಡಿದವು. ಆಮೇಲೆ ಇಲ್ಲಿ ದುಡಿದ 4000 ಅಶ್ವಶಕ್ತಿಯ ಡಬ್ಲ್ಯುಡಿಜಿ-4 ಎಂಜಿನ್ನು ಈ ಜಗಳವನ್ನೇ ಬಗೆಹರಿಸಿಕೊಂಡಿದೆ. ಹೊರಡುವಾಗ ಅದರ ಟರ್ಬೊವನ್ನು ಗೇರಿನ ಮೂಲಕ ಎಂಜಿನ್ನೇ ತಿರುಗಿಸುತ್ತದೆ. ಹೊಗೆಯ ಬಲ ಸಾಕಷ್ಟಾದಾಗ ಒಂದು ಕ್ಲಚ್ಚು ತಾನಾಗಿ ಕೈಬಿಡುತ್ತದೆ, ಮುಂದಿನದು ಹೊಗೆಯ ಪಾಲು. ಮೊದಲು ಸೂಪರ್‌ಚಾರ್ಜರ್, ಆಮೇಲೆ ಟರ್ಬೊ!

ಕಾರಿನಲ್ಲಿ ಟರ್ಬೊ ತಡವಾಗಿ ನೆಲೆಯೂರಿತು. ಅಮೆರಿಕದಲ್ಲಿ 1962ರಲ್ಲಿ ಎರಡು ಮಾದರಿಗಳು ಬಂದು ಬಹುಕಾಲ ನಿಲ್ಲಲಿಲ್ಲ. ಹೊಗೆಯ ನಿಯಮಗಳು ಬಿಗಿಯಾಗಿ, ಇಂಧನದ ಬೆಲೆ ಏರಿ, ಇಂಧನ ಚಿಮ್ಮಿಸುವ ಕೆಲಸ ಎಲೆಕ್ಟ್ರಾನಿಕ್ ಹಿಡಿತಕ್ಕೆ ಬಂದ ಮೇಲೆ ಅದರ ಕಾಲ ಬಂತು. ಇಂದು ನಮ್ಮ ರಸ್ತೆಯ ಡೀಸೆಲ್ ಕಾರು, ಬಸ್ಸು, ಲಾರಿಗಳಲ್ಲೂ ಹಲವು ಸಣ್ಣ ಪೆಟ್ರೋಲ್ ಕಾರುಗಳಲ್ಲೂ ಇರುವುದು ಟರ್ಬೊ. ಸೂಪರ್‌ಚಾರ್ಜರ್ ವಿರಳ. ಬೆಲೆಯ ಕಡೆ ನೋಡದೆ ತಕ್ಷಣದ ಬಲ ಬಯಸುವವರಿಗೆ ಅದು ಸರಿ. ಲೀಟರ್ ಲೆಕ್ಕ ಹಾಕಿ ಘಟ್ಟ ಹತ್ತುವ ಸಂಸಾರಸ್ಥರಿಗೆ ಟರ್ಬೊವೇ ಒಗ್ಗುತ್ತದೆ.

ಎರಡೂ ಇಲ್ಲದ ಹಳೆಯ ಕಾರಿಗೆ ಯಾವುದನ್ನಾದರೂ ಹೊಸದಾಗಿ ಜೋಡಿಸುವ ಆಸೆಯಿದ್ದರೆ ಎರಡು ಬಾರಿ ಯೋಚಿಸಬೇಕು. ಹೆಚ್ಚಿನ ಒತ್ತಡಕ್ಕೆ ಆ ಎಂಜಿನ್ ಹುಟ್ಟಿದ್ದಲ್ಲ. ತಯಾರಕರ ವಿವರಕ್ಕೆ ಹೊರತಾದ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಟರ್ಬೊ ಕಾರು ಈಗಾಗಲೇ ಇರುವವರಿಗೆ ಒಂದು ಮಾತು: ಅದರ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಎಣ್ಣೆಯೇ ಅದರ ಜೀವ. ಘಟ್ಟ ಹತ್ತಿ ಚಹಾಕ್ಕೆ ನಿಲ್ಲಿಸಿದಾಗ ಎಂಜಿನ್ನನ್ನು ಕೂಡಲೇ ಆರಿಸದೆ ಒಂದು ನಿಮಿಷ ನಿಧಾನವಾಗಿ ಓಡಲು ಬಿಡಿ. ಅಷ್ಟು ಹೊತ್ತು ತಿದಿ ಒತ್ತಿದವನಿಗೂ ದಣಿವಾರಿಸಿಕೊಳ್ಳಲು ಸ್ವಲ್ಪ ಸಮಯ ಬೇಕು.