ರಾಷ್ಟ್ರೀಯ ಫುಟ್‌ಬಾಲ್ ತಂಡ: ಆಯ್ಕೆಯ ಪಟ್ಟಿ ಮತ್ತು ಲಸಿಕೆಯ ದಿನಗಣನೆ

ಆಟದ ಲಯ, ದೈಹಿಕ ಸಾಮರ್ಥ್ಯ ಹಾಗೂ ತರಬೇತುದಾರನ ವಿಶ್ವಾಸ, ಈ ಮೂರಿದ್ದರೆ ಆಟಗಾರನಿಗೆ ದೇಶದ ತಂಡದಲ್ಲಿ ಸ್ಥಾನ ಖಚಿತವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಅಂತಾರಾಷ್ಟ್ರೀಯ ಪಂದ್ಯವೆಂದರೆ ಗಡಿ ದಾಟುವ ಪ್ರಯಾಣವೂ ಹೌದು. ಗಡಿ ದಾಟುವವನಿಗೆ ಅನ್ವಯಿಸುವ ಆರೋಗ್ಯ ನಿಯಮಗಳು ಆಟಗಾರನಿಗೂ ಅನ್ವಯಿಸುತ್ತವೆ. ಕೋವಿಡ್ ಸಾಂಕ್ರಾಮಿಕದ ವರ್ಷಗಳಲ್ಲಿ ಹಲವು ದೇಶಗಳ ತಂಡಗಳು ಈ ಸತ್ಯವನ್ನು ಕಷ್ಟಪಟ್ಟು ಅರಿತವು. ಲಸಿಕೆ ಚುಚ್ಚಿಸಿಕೊಂಡ ಕ್ಷಣದಿಂದಲೇ ರಕ್ಷಣೆ ದೊರೆಯುವುದಿಲ್ಲ. ಆದ್ದರಿಂದ ಲಸಿಕೆಯ ತೀರ್ಮಾನವು ಅಂತಿಮ ತಂಡ ಪ್ರಕಟವಾಗುವುದಕ್ಕಿಂತ ಬಹಳ ಮೊದಲೇ ಆಗಬೇಕು ಎಂಬುದೇ ಆ ಅನುಭವದ ಸಾರ.

ಹಳೆಯ ನಿಯಮ: ಹಳದಿ ಜ್ವರ

ಲಸಿಕೆಗೂ ವಿದೇಶ ಪ್ರವಾಸಕ್ಕೂ ಇರುವ ನಂಟು ಕೋವಿಡ್‌ನಿಂದ ಆರಂಭವಾದುದಲ್ಲ. ಕ್ಯಾಮರೂನ್, ಘಾನಾ, ಗ್ಯಾಬೊನ್ ಮುಂತಾದ ಆಫ್ರಿಕಾದ ದೇಶಗಳನ್ನು ಪ್ರವೇಶಿಸುವವರು ಹಳದಿ ಜ್ವರದ ಲಸಿಕೆ ಪಡೆದ ಪ್ರಮಾಣಪತ್ರ ಹೊಂದಿರಬೇಕು. ಸೊಳ್ಳೆಯಿಂದ ಹರಡುವ ಈ ರೋಗಕ್ಕೆ ಒಂದೇ ಡೋಸ್ ಸಾಕು. 2016ರ ಜುಲೈ 11ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರವು ಜೀವನಪರ್ಯಂತ ಮಾನ್ಯ. ಅದಕ್ಕೆ ಮೊದಲು ಹತ್ತು ವರ್ಷಗಳ ಮಿತಿ ಇತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಲಸಿಕೆ ಪಡೆದ ಹತ್ತು ದಿನಗಳ ನಂತರವಷ್ಟೇ ಈ ಪ್ರಮಾಣಪತ್ರಕ್ಕೆ ಮಾನ್ಯತೆ. ಪಂದ್ಯಕ್ಕೆ ವಾರ ಉಳಿದಿರುವಾಗ ಗಾಯಾಳುವಿನ ಬದಲಿಗೆ ಕರೆಸಿಕೊಂಡ ಆಟಗಾರನು ಅಂದೇ ಲಸಿಕೆ ಹಾಕಿಸಿಕೊಂಡರೂ ಪ್ರಯೋಜನವಾಗದು. ಹಳದಿ ಜ್ವರದ ಅಪಾಯವಿರುವ ದೇಶದಿಂದ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬರುವವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವೂ ಇದೆ. ಅಂದರೆ ಹೋಗುವಾಗ ಮಾತ್ರವಲ್ಲ, ಮರಳುವಾಗಲೂ ಈ ಕಾಗದ ಬೇಕು.

ಭಾರತ ತಂಡದ 2021ರ ಅನುಭವ

2021ರ ಮಾರ್ಚ್‌ನಲ್ಲಿ ದುಬೈಯಲ್ಲಿ ಒಮಾನ್ ಮತ್ತು ಯುಎಇ ವಿರುದ್ಧ ಭಾರತ ಎರಡು ಸೌಹಾರ್ದ ಪಂದ್ಯಗಳನ್ನು ಆಡಬೇಕಿತ್ತು. ಅದಕ್ಕೆ ಕೆಲ ದಿನಗಳ ಮೊದಲು ನಾಯಕ ಹಾಗೂ ಬೆಂಗಳೂರು ಎಫ್‌ಸಿ ಆಟಗಾರ ಸುನಿಲ್ ಚೆಟ್ರಿ ಅವರಿಗೆ ಕೋವಿಡ್ ದೃಢಪಟ್ಟಿತು. ಅವರಿಲ್ಲದ ತಂಡವು ಒಮಾನ್ ವಿರುದ್ಧ 1–1ರ ಸಮಬಲ ಸಾಧಿಸಿತಾದರೂ ಯುಎಇ ವಿರುದ್ಧ 0–6ರಿಂದ ಸೋತಿತು.

ಮುಂದಿನ ಸವಾಲು ಜೂನ್‌ನಲ್ಲಿ ದೋಹಾದಲ್ಲಿ ನಡೆದ ವಿಶ್ವಕಪ್ ಮತ್ತು ಏಷ್ಯಾಕಪ್ ಜಂಟಿ ಅರ್ಹತಾ ಪಂದ್ಯಗಳು. ಇಗೊರ್ ಸ್ಟಿಮ್ಯಾಕ್ ಮಾರ್ಗದರ್ಶನದ ತಂಡ ಮೇ 19ರಂದು ಪ್ರಯಾಣ ಬೆಳೆಸಿತು. ಮೊದಲ ಪಂದ್ಯ ಕತಾರ್ ವಿರುದ್ಧ ಜೂನ್ 3ರಂದು.

ಆ ವೇಳೆಗೆ ತಂಡದವರೆಲ್ಲರೂ ಪೂರ್ಣ ಲಸಿಕೆ ಪಡೆದಿರಲು ಸಾಧ್ಯವಿತ್ತೇ? ದಿನಗಳನ್ನು ಎಣಿಸಿದರೆ ಉತ್ತರ ಸ್ಪಷ್ಟ. 18ರಿಂದ 44 ವರ್ಷದವರಿಗೆ ದೇಶದಲ್ಲಿ ಲಸಿಕೆ ಮುಕ್ತವಾದುದು ಮೇ 1ರಂದು. ಕೋವಿಶೀಲ್ಡ್‌ನ ಎರಡು ಡೋಸ್‌ಗಳ ನಡುವಿನ ಅಂತರವನ್ನು ಮೇ 13ರಂದು 12ರಿಂದ 16 ವಾರಗಳಿಗೆ ಹೆಚ್ಚಿಸಲಾಯಿತು. ಕೊವ್ಯಾಕ್ಸಿನ್‌ಗೆ ನಾಲ್ಕರಿಂದ ಆರು ವಾರಗಳ ಅಂತರವಿತ್ತು. ಮೇ 1ರಂದೇ ಕೊವ್ಯಾಕ್ಸಿನ್ ಪಡೆದವನಿಗೂ ಎರಡನೆಯ ಡೋಸ್ ದೊರೆಯುವುದು ಮೇ 29ಕ್ಕೆ. ಅದರ ಪೂರ್ಣ ರಕ್ಷಣೆಗೆ ಇನ್ನೂ ಎರಡು ವಾರ ಕಾಯಬೇಕು. ಅಷ್ಟರಲ್ಲಿ ಮೂರು ಪಂದ್ಯಗಳ ಪೈಕಿ ಎರಡು ಮುಗಿದಿರುತ್ತಿದ್ದವು. ಹೀಗಾಗಿ ಆ ಪ್ರವಾಸಕ್ಕೆ ಮುಖ್ಯ ಆಸರೆಯಾದುದು ಪದೇ ಪದೇ ನಡೆಸುವ ಪರೀಕ್ಷೆ ಮತ್ತು ಹೊರಗಿನ ಸಂಪರ್ಕವಿಲ್ಲದ ವಾಸ್ತವ್ಯ.

ಕತಾರ್‌ಗೆ 0–1ರಿಂದ ಸೋತ ಭಾರತ, ಜೂನ್ 7ರಂದು ಬಾಂಗ್ಲಾದೇಶವನ್ನು 2–0ಯಿಂದ ಮಣಿಸಿತು. ಎರಡೂ ಗೋಲು ಚೇತರಿಸಿಕೊಂಡು ತಂಡಕ್ಕೆ ಮರಳಿದ್ದ ಚೆಟ್ರಿ ಅವರದು. ಜೂನ್ 15ರಂದು ಆಫ್ಘಾನಿಸ್ತಾನದೊಡನೆ 1–1ರ ಸಮಬಲ ಸಾಧಿಸಿ ಗುಂಪಿನಲ್ಲಿ ಮೂರನೆಯ ಸ್ಥಾನ ಪಡೆದ ತಂಡ, ಏಷ್ಯಾಕಪ್ ಅರ್ಹತೆಯ ಮುಂದಿನ ಸುತ್ತಿಗೆ ಸಾಗಿತು.

ಸ್ಪೇನ್: ಪಂದ್ಯಕ್ಕೆ ಮೂರು ದಿನ ಮೊದಲು ಲಸಿಕೆ

ತಡವಾದ ತೀರ್ಮಾನಕ್ಕೆ ಸ್ಪೇನ್ ತಂಡದ ನಿದರ್ಶನ ಪ್ರಸಿದ್ಧ. 2021ರಲ್ಲಿ ನಡೆದ ಯೂರೊ ಟೂರ್ನಿಗೆ 26 ಆಟಗಾರರನ್ನು ಹೆಸರಿಸಲು ಯುಇಎಫ್‌ಎ ಅವಕಾಶ ನೀಡಿದ್ದರೂ ತರಬೇತುದಾರ ಲೂಯಿಸ್ ಎನ್ರಿಕೆ 24 ಮಂದಿಯನ್ನಷ್ಟೇ ಆರಿಸಿದ್ದರು. ಟೂರ್ನಿಗೆ ಕೆಲವೇ ದಿನಗಳಿರುವಾಗ ನಾಯಕ ಸರ್ಗಿಯೊ ಬುಸ್ಕೆಟ್ಸ್‌ಗೆ ಸೋಂಕು ತಗುಲಿತು. ಡಿಯಾಗೊ ಯೊರೆಂಟೆ ಅವರ ಪರೀಕ್ಷೆಯೂ ಪಾಸಿಟಿವ್ ಬಂದಿತು. ಅದು ತಪ್ಪು ಫಲಿತಾಂಶವೆಂದು ನಂತರ ತಿಳಿಯಿತು. ಜೂನ್ 8ರಂದು ಲಿಥುವೇನಿಯಾ ವಿರುದ್ಧದ ಸೌಹಾರ್ದ ಪಂದ್ಯದಲ್ಲಿ 21 ವರ್ಷದೊಳಗಿನವರ ತಂಡವನ್ನು ಕಣಕ್ಕಿಳಿಸಬೇಕಾಯಿತು. ಮುಖ್ಯ ತಂಡದಿಂದ ದೂರವಿರಿಸಿ ಇನ್ನೊಂದು ಗುಂಪಿಗೆ ಪ್ರತ್ಯೇಕ ಅಭ್ಯಾಸ ನೀಡಲಾಯಿತು.

ಜೂನ್ 11ರಂದು ಸೇನೆಯ ವೈದ್ಯಕೀಯ ಸಿಬ್ಬಂದಿ ಆಟಗಾರರಿಗೆ ಲಸಿಕೆ ಹಾಕಿದರು. ಸ್ವೀಡನ್ ವಿರುದ್ಧದ ಮೊದಲ ಪಂದ್ಯ ಜೂನ್ 14ರಂದಿತ್ತು. ಮೂರು ದಿನಗಳಲ್ಲಿ ದೇಹದಲ್ಲಿ ಸಾಕಷ್ಟು ಪ್ರತಿರೋಧ ಬೆಳೆಯುವುದಿಲ್ಲ. ಜತೆಗೆ ಜ್ವರ, ಮೈಕೈ ನೋವು, ಆಯಾಸ ಕಾಣಿಸಿಕೊಳ್ಳುವ ಸಾಧ್ಯತೆ ಇರುವುದೂ ಅದೇ ಒಂದೆರಡು ದಿನಗಳಲ್ಲಿ. ಮೊದಲೆರಡು ಪಂದ್ಯಗಳಿಗೆ ಅಲಭ್ಯರಾಗಿದ್ದ ಬುಸ್ಕೆಟ್ಸ್, ಸ್ಲೊವಾಕಿಯಾ ವಿರುದ್ಧ ಮರಳಿ ಆಡಿದರು. ಎರಡು ಸಮಬಲಗಳ ನಂತರ ಸ್ಪೇನ್ ಆ ಪಂದ್ಯವನ್ನು 5–0ಯಿಂದ ಗೆದ್ದುಕೊಂಡಿತು.

ಪ್ರಮಾಣಪತ್ರವೇ ಅರ್ಹತೆಯಾದಾಗ

ಆಟಗಾರರನ್ನು ನಿಗದಿತ ಅವಧಿಗೆ ರಾಷ್ಟ್ರೀಯ ತಂಡಕ್ಕೆ ಬಿಟ್ಟುಕೊಡುವುದು ಕ್ಲಬ್‌ಗಳ ಕರ್ತವ್ಯವೆಂಬುದು ಫಿಫಾ ನಿಯಮ. ಸಾಂಕ್ರಾಮಿಕದ ಸಮಯದಲ್ಲಿ ಪ್ರಯಾಣದ ನಂತರ ಕನಿಷ್ಠ ಐದು ದಿನಗಳ ಕಡ್ಡಾಯ ಪ್ರತ್ಯೇಕವಾಸವಿದ್ದರೆ ಈ ಕರ್ತವ್ಯದಿಂದ ತಾತ್ಕಾಲಿಕ ವಿನಾಯಿತಿ ನೀಡಲಾಗಿತ್ತು. ಆ ವಿನಾಯಿತಿ ಮುಗಿದಿದ್ದರೂ 2021ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಕೆಂಪು ಪಟ್ಟಿಯಲ್ಲಿದ್ದ ದೇಶಗಳಿಗೆ ಆಟಗಾರರನ್ನು ಕಳುಹಿಸಲು ಇಂಗ್ಲಿಷ್ ಪ್ರೀಮಿಯರ್ ಲೀಗ್ ಕ್ಲಬ್‌ಗಳು ನಿರಾಕರಿಸಿದವು. ಪರಿಣಾಮವಾಗಿ ಬ್ರೆಜಿಲ್ ತನ್ನ ಒಂಬತ್ತು ಆಟಗಾರರನ್ನು ಕಳೆದುಕೊಂಡಿತು.

ಅದೇ ತಿಂಗಳ 5ರಂದು ಸಾವೊಪಾಲೊದಲ್ಲಿ ಆರಂಭವಾದ ಬ್ರೆಜಿಲ್–ಅರ್ಜೆಂಟೀನಾ ಪಂದ್ಯ ಕೆಲವೇ ನಿಮಿಷಗಳಲ್ಲಿ ನಿಂತುಹೋಯಿತು. ಇಂಗ್ಲೆಂಡ್‌ನಿಂದ ಬಂದಿದ್ದ ಅರ್ಜೆಂಟೀನಾದ ನಾಲ್ವರು ಪ್ರತ್ಯೇಕವಾಸದ ನಿಯಮ ಪಾಲಿಸಿಲ್ಲವೆಂದು ಬ್ರೆಜಿಲ್‌ನ ಆರೋಗ್ಯ ಅಧಿಕಾರಿಗಳು ಮೈದಾನಕ್ಕೇ ಇಳಿದರು. ಆ ಪಂದ್ಯ ಮತ್ತೆಂದೂ ನಡೆಯಲಿಲ್ಲ.

ಅಕ್ಟೋಬರ್‌ನಲ್ಲಿ ಬ್ರಿಟನ್ ನಿಯಮ ಸಡಿಲಿಸಿತು. ಪೂರ್ಣ ಲಸಿಕೆ ಪಡೆದ ಆಟಗಾರರು ಕೆಂಪು ಪಟ್ಟಿಯ ದೇಶದಲ್ಲಿ ಆಡಿ ಮರಳಿದರೆ ಹತ್ತು ದಿನ ಪ್ರತ್ಯೇಕ ವಸತಿಯಲ್ಲಿದ್ದುಕೊಂಡೇ ಕ್ಲಬ್ ಪರ ಅಭ್ಯಾಸ ನಡೆಸಬಹುದು, ಪಂದ್ಯವನ್ನೂ ಆಡಬಹುದು ಎಂದಾಯಿತು. ಲಸಿಕೆ ಪಡೆಯದವರಿಗೆ ಈ ಸೌಲಭ್ಯವಿರಲಿಲ್ಲ. ಸಮಾನ ಪ್ರತಿಭೆಯ ಇಬ್ಬರಲ್ಲಿ ಯಾರನ್ನು ಕರೆಯಬೇಕೆಂಬ ಪ್ರಶ್ನೆಗೆ ಪ್ರಮಾಣಪತ್ರವೂ ಒಂದು ಉತ್ತರವಾಯಿತು.

ಆಟಗಾರನ ಆಯ್ಕೆ, ತಂಡದ ಹಿತ

ಲಸಿಕೆ ಪಡೆಯುವುದು ವ್ಯಕ್ತಿಯ ಸಮ್ಮತಿಗೆ ಬಿಟ್ಟ ವಿಷಯ. ಆದರೆ ಅದರ ಪರಿಣಾಮ ತಂಡದ ಮೇಲಾಗುತ್ತದೆ. ಜರ್ಮನಿಯ ಜೋಶುವಾ ಕಿಮಿಚ್ 2021ರ ಅಕ್ಟೋಬರ್‌ನಲ್ಲಿ ತಾವು ಲಸಿಕೆ ಪಡೆದಿಲ್ಲವೆಂದೂ ದೀರ್ಘಕಾಲೀನ ಅಧ್ಯಯನಗಳ ಕೊರತೆಯ ಬಗ್ಗೆ ತಮಗೆ ಆತಂಕವಿದೆಯೆಂದೂ ತಿಳಿಸಿದ್ದರು. ನವೆಂಬರ್‌ನಲ್ಲಿ ಲೀಶ್ಟನ್‌ಸ್ಟೈನ್ ವಿರುದ್ಧದ ಪಂದ್ಯಕ್ಕೆ ಮೊದಲು, ಲಸಿಕೆ ಪಡೆದಿದ್ದ ನಿಕ್ಲಾಸ್ ಸುಲೆ ಅವರಲ್ಲಿ ಸೋಂಕು ಪತ್ತೆಯಾಯಿತು. ಅವರ ಸಂಪರ್ಕಕ್ಕೆ ಬಂದಿದ್ದ ನಾಲ್ವರು ಶಿಬಿರ ತೊರೆದು ಪ್ರತ್ಯೇಕವಾಸಕ್ಕೆ ತೆರಳಬೇಕಾಯಿತು. ಅವರಲ್ಲಿ ಕಿಮಿಚ್ ಕೂಡ ಒಬ್ಬರು. ಮುಂದೆ ಅವರಿಗೇ ಸೋಂಕು ತಗುಲಿ ಶ್ವಾಸಕೋಶದ ತೊಂದರೆಯಿಂದ ವರ್ಷಾಂತ್ಯದವರೆಗೆ ಆಡಲಾಗಲಿಲ್ಲ. ಡಿಸೆಂಬರ್‌ನಲ್ಲಿ ಲಸಿಕೆ ಪಡೆಯುವುದಾಗಿ ಪ್ರಕಟಿಸಿದರು.

ಲಸಿಕೆಯು ಸೋಂಕನ್ನು ಸಂಪೂರ್ಣ ತಡೆಯುವುದಿಲ್ಲ ಎಂಬುದಕ್ಕೆ ಸುಲೆ ಪ್ರಕರಣ ಸಾಕ್ಷಿ. ತೀವ್ರ ಕಾಯಿಲೆಯ ಸಂಭವವನ್ನು ತಗ್ಗಿಸುವುದು ಅದರ ಮುಖ್ಯ ಪ್ರಯೋಜನ. ಮೊಟ್ಟೆಯ ತೀವ್ರ ಅಲರ್ಜಿ ಇರುವವರಿಗೆ ಹಳದಿ ಜ್ವರದ ಲಸಿಕೆಯನ್ನು ಸಾಮಾನ್ಯವಾಗಿ ನೀಡುವುದಿಲ್ಲ. ಇಂತಹ ವೈದ್ಯಕೀಯ ಕಾರಣಗಳಿಗೆ ಅವಕಾಶವಿರಬೇಕು, ಅದನ್ನು ತೀರ್ಮಾನಿಸಬೇಕಾದವರು ವೈದ್ಯರೇ ಹೊರತು ಆಯ್ಕೆಗಾರರಲ್ಲ.

ಪೂರ್ವಸಿದ್ಧತೆಯ ಕ್ರಮ

2022ರ ಕತಾರ್ ವಿಶ್ವಕಪ್‌ಗೆ ಪ್ರತಿ ದೇಶವೂ 55 ಮಂದಿಯವರೆಗಿನ ಪ್ರಾಥಮಿಕ ಪಟ್ಟಿ ಸಲ್ಲಿಸಬಹುದಿತ್ತು. ಅಂತಿಮ ತಂಡದ ಮಿತಿಯನ್ನು 23ರಿಂದ 26ಕ್ಕೆ ಏರಿಸಲಾಗಿತ್ತು. ಗಾಯ ಅಥವಾ ಅನಾರೋಗ್ಯದ ಕಾರಣಕ್ಕೆ ಮೊದಲ ಪಂದ್ಯದ 24 ಗಂಟೆ ಮೊದಲಿನವರೆಗೂ ಬದಲಿ ಆಟಗಾರನನ್ನು ಹೆಸರಿಸಬಹುದಿತ್ತು. ಆ ಬದಲಿ ಆಟಗಾರನೂ ಲಸಿಕೆ ಬೇಕಿರುವ ದೇಶಕ್ಕೆ ತಕ್ಷಣ ಹೊರಡಲು ಸಿದ್ಧನಿರಬೇಕಾದರೆ, ವೈದ್ಯಕೀಯ ತಪಾಸಣೆ ಮತ್ತು ಲಸಿಕೆಯ ದಾಖಲೆಗಳು ಪ್ರಾಥಮಿಕ ಪಟ್ಟಿಯ ಹಂತದಲ್ಲೇ ಪೂರ್ಣಗೊಳ್ಳಬೇಕು. ಅಂತಿಮ ತಂಡಕ್ಕಷ್ಟೇ ಲಸಿಕೆ ಹಾಕಿಸಿದರೆ ಸಾಲದು.

ದೊಡ್ಡ ತಂಡವಿದ್ದೂ ಸಂಕಷ್ಟಕ್ಕೆ ಸಿಲುಕಬಹುದೆಂಬುದಕ್ಕೆ ಕೊಮೊರೊಸ್ ಉದಾಹರಣೆ. 2022ರ ಜನವರಿ 24ರಂದು ಆಫ್ರಿಕಾ ಕಪ್‌ನಲ್ಲಿ ಕ್ಯಾಮರೂನ್ ವಿರುದ್ಧ ಆಡಿದಾಗ ಅದರ ಮೂವರು ಗೋಲ್‌ಕೀಪರ್‌ಗಳೂ ಗಾಯ ಇಲ್ಲವೇ ಕೋವಿಡ್ ಕಾರಣಕ್ಕೆ ಅಲಭ್ಯರಾಗಿದ್ದರು. ರಕ್ಷಣಾ ಆಟಗಾರ ಶಾಕೆರ್ ಅಲ್‌ಹಾದುರ್ ಗೋಲು ಕಾಯಬೇಕಾಯಿತು. ತಂಡ 1–2ರಿಂದ ಸೋತಿತು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್‌ನ ಜಾಗತಿಕ ತುರ್ತುಸ್ಥಿತಿ ಕೊನೆಗೊಂಡಿತೆಂದು ಘೋಷಿಸಿತು. ಹಳದಿ ಜ್ವರದ ನಿಯಮ ಮಾತ್ರ ಮೊದಲಿನಂತೆಯೇ ಇದೆ. ಎದುರಾಳಿ ಯಾರು, ಪಂದ್ಯ ಯಾವ ದೇಶದಲ್ಲಿ ಎಂಬುದು ತಿಳಿದ ದಿನವೇ ಆಯ್ಕೆ ಸಮಿತಿಯು ತಂಡದ ವೈದ್ಯರೊಡನೆ ಕುಳಿತು ಅಲ್ಲಿನ ನಿಯಮಗಳನ್ನು ಪರಿಶೀಲಿಸುವುದು ಒಳಿತು. ವರ್ಷಗಟ್ಟಲೆ ಬೆವರು ಹರಿಸಿ ದೇಶದ ಅಂಗಿ ತೊಡುವ ಅರ್ಹತೆ ಗಳಿಸಿದ ಆಟಗಾರನು ಹತ್ತು ದಿನಗಳ ಲೆಕ್ಕ ತಪ್ಪಿದ ಕಾರಣಕ್ಕೆ ವಿಮಾನ ನಿಲ್ದಾಣದಿಂದ ಹಿಂದಿರುಗುವಂತಾಗಬಾರದು.